ಮೈಸೂರಿನ ಒಂದು ನೋವಿನ ಕ್ಲಿನಿಕ್: ಡಾಕ್ಟರಿಗೆ ಐದು, ಕೌಂಟರಿಗೆ ಒಂದೂವರೆ

ಮೊದಲೇ ಹೇಳಿಬಿಡುತ್ತೇನೆ, ಕ್ಲಿನಿಕ್ಕಿನ ಹೆಸರು ಹಾಕುವುದಿಲ್ಲ. ಅಲ್ಲಿನ ಡಾಕ್ಟರ್ ಒಳ್ಳೆಯವರು, ಅವರಿಗೆ ತೊಂದರೆ ಮಾಡುವ ಮನಸ್ಸಿಲ್ಲ. ಆದರೆ ಕೌಂಟರಿನಲ್ಲಿ ಆದದ್ದನ್ನು ಬರೆಯದೆ ಬಿಡುವ ಮನಸ್ಸೂ ಇಲ್ಲ. ತಲೆನೋವು, ಬೆನ್ನುನೋವು, ಮುಟ್ಟಿನ ನೋವು ಎಲ್ಲಕ್ಕೂ ಒಂದೇ ಕಡೆ ಚಿಕಿತ್ಸೆ ಎಂದು ಬೋರ್ಡ್ ಹಾಕಿಕೊಂಡಿರುವ ಜಾಗ. ಇಂಥವು ಈಗ ಮೈಸೂರಿನಲ್ಲಿ ಒಂದೆರಡಲ್ಲ, ಹಾಗಾಗಿ ಯಾವುದಕ್ಕೆ ಹೋದರೂ ಇದು ಉಪಯೋಗಕ್ಕೆ ಬರಬಹುದು.

ನನ್ನದು ಅರೆತಲೆನೋವು, ಅಂದರೆ ಮೈಗ್ರೇನ್. ಮೂರು ವರ್ಷದಿಂದ. ಮಂಡ್ಯದ ಒಂದು ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷ್ ಕೌಂಟರಿನಲ್ಲಿ ಕೂರುತ್ತೇನೆ. ತಲೆನೋವು ಬಂದ ದಿನ ನೋಟು ಎಣಿಸುವ ಮೆಷಿನ್ನಿನ ಪರಪರ ಸದ್ದು ಕೇಳಿದರೆ ಸಾಕು, ಬಲಗಣ್ಣಿನ ಹಿಂದೆ ಒನಕೆ ಬಿದ್ದ ಹಾಗೆ ಆಗುತ್ತದೆ, ಆಮೇಲೆ ವಾಂತಿ, ಆಮೇಲೆ ಅರ್ಧ ದಿನ ರಜೆ. ನಮ್ಮತ್ತೆ "ಪಿತ್ತ ಕಣವ್ವ, ಕಾಫಿ ಬುಡು" ಅಂದರು, ಬಿಟ್ಟೆ. ಮ್ಯಾನೇಜರ್ ಕಣ್ಣು ಪರೀಕ್ಷೆ ಮಾಡಿಸಿ ಅಂದರು, ಎರಡು ಸಲ ಕನ್ನಡಕ ಬದಲಾಯಿತು. ಸೈನಸ್ ಅಂತ ಒಬ್ಬರು ಎಕ್ಸ್‌ರೇ ತೆಗೆಸಿದರು. ಇಷ್ಟೆಲ್ಲ ಆದರೂ ಒಬ್ಬರಾದರೂ "ಯಾವ ತಾರೀಕು ಬರುತ್ತೆ?" ಅಂತ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ, ಸುಳ್ಳೇಕೆ ಹೇಳಲಿ.

ಅಪಾಯಿಂಟ್‌ಮೆಂಟ್ ಇದ್ದದ್ದು ಬೆಳಿಗ್ಗೆ ಹತ್ತೂವರೆಗೆ. ಮಂಡ್ಯದಿಂದ 45 ಕಿಲೋಮೀಟರ್, ಬಸ್ಸಿನಲ್ಲಿ ಬಂದು ಆಟೋ ಹಿಡಿದು ಹತ್ತು ಗಂಟೆಗೇ ತಲುಪಿದೆ. ಒಳಗೆ ಕರೆದದ್ದು ಹನ್ನೆರಡೂಕಾಲಿಗೆ. ಕಾಯುವುದು ಬೇಜಾರಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕಿಂತ ಜಾಸ್ತಿ ಕಾದಿದ್ದೇನೆ. ಆದರೆ ಕಾಯುವ ಹಾಲ್ ನೋಡಬೇಕಿತ್ತು ನೀವು. ತಲೆನೋವಿನವರೇ ಬರುವ ಜಾಗ ತಾನೇ? ತಲೆಯ ಮೇಲೆ ಸಾಲಾಗಿ ಬಿಳಿ ಟ್ಯೂಬ್‌ಲೈಟು, ಅದರಲ್ಲಿ ಒಂದು ಮಿಟುಕುತ್ತಲೇ ಇತ್ತು. ಗೋಡೆಯ ಟಿವಿಯಲ್ಲಿ ಸೀರಿಯಲ್, ಅದೂ ಸುತ್ತಮುತ್ತಲ ಬೀದಿಗೆಲ್ಲ ಕೇಳುವಷ್ಟು ಸೌಂಡ್. ನೆಲಕ್ಕೆ ಅದೇ ತಾನೇ ಫಿನಾಯಿಲ್ ಹಾಕಿದ್ದರು. ಬೆಳಕು, ಸದ್ದು, ವಾಸನೆ ಮೂರೂ ಅರೆತಲೆನೋವಿಗೆ ಆಗದ ವಸ್ತುಗಳು ಎಂದು ಅವರದೇ ಕರಪತ್ರದಲ್ಲಿ ಅಚ್ಚಾಗಿದೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ದುಪಟ್ಟಾವನ್ನು ಕಣ್ಣಿನ ಮೇಲೆ ಎಳೆದುಕೊಂಡು ಗೋಡೆಗೆ ಒರಗಿಬಿಟ್ಟಿದ್ದಳು. ಟಿವಿ ಕಡಿಮೆ ಮಾಡಿ ಅಂದರೆ ರಿಮೋಟ್ ಸೆಕ್ಯುರಿಟಿ ಹತ್ತಿರ ಇದೆ ಅಂದರು. ಸೆಕ್ಯುರಿಟಿ ಟೀಗೆ ಹೋಗಿದ್ದ.

ಈಗ ದುಡ್ಡಿನ ವಿಷಯ. ಕೌಂಟರಿನ ಹುಡುಗ "ಫುಲ್ ಪ್ಯಾಕೇಜ್ ತಗೊಂಡುಬಿಡಿ ಮೇಡಂ, ಸ್ಕ್ಯಾನ್ ಇಲ್ಲದೆ ಡಾಕ್ಟರ್ ಏನೂ ಹೇಳಕಾಗಲ್ಲ" ಅಂದ. ಎಂಆರ್‌ಐ, ಹಾರ್ಮೋನ್ ಬ್ಲಡ್ ಟೆಸ್ಟ್, ಡಾಕ್ಟರ್ ಫೀಸ್ ಸೇರಿ 7,800 ರೂಪಾಯಿ. ಮೂರು ವರ್ಷ ಒದ್ದಾಡಿದವಳು ನಾನು, ಆ ಕ್ಷಣಕ್ಕೆ ಹದಿನೈದು ಸಾವಿರ ಅಂದಿದ್ದರೂ ಕೊಡುತ್ತಿದ್ದೆನೇನೋ. ಫೋನಿನಲ್ಲಿ ಪೇ ಮಾಡಿಬಿಟ್ಟೆ. ಡಾಕ್ಟರನ್ನು ನೋಡುವ ಮುಂಚೆಯೇ ಸ್ಕ್ಯಾನ್. ಇದೇ ನಾನು ಮಾಡಿದ ತಪ್ಪು, ನೀವು ಮಾಡಬೇಡಿ.

ಎಂಆರ್‌ಐ ಬಗ್ಗೆ ಹೆದರುವವರಿಗೆ ಎರಡು ಮಾತು. ನೋವೇನೂ ಇಲ್ಲ, ಎಕ್ಸ್‌ರೇ ಕಿರಣವೂ ಇಲ್ಲ, ಬರೀ ಅಯಸ್ಕಾಂತ ಮತ್ತು ರೇಡಿಯೋ ತರಂಗ. ಅಯಸ್ಕಾಂತ ಅಂದರೆ ಸುಮ್ನೆ ಅಲ್ಲ, 1.5 ಟೆಸ್ಲಾ, ಭೂಮಿಯ ಅಯಸ್ಕಾಂತ ಶಕ್ತಿಗಿಂತ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು. ತಾಳಿ, ಓಲೆ, ಕಾಲುಂಗುರ, ಹೇರ್‌ಪಿನ್ ಎಲ್ಲ ಬಿಚ್ಚಿಸಿದರು. ಕಾಲುಂಗುರ ಬರಲಿಲ್ಲ, ಸೋಪು ಹಚ್ಚಿ ತೆಗೆದದ್ದಾಯಿತು. ಒಳಗೆ ಸದ್ದು ಜೋರು. ನಮ್ಮೂರ ಆಲೆಮನೆಯ ಗಾಣದ ಎಂಜಿನ್ನು ಕಿವಿ ಪಕ್ಕ ಇಟ್ಟ ಹಾಗೆ, ಮಧ್ಯೆ ಮಧ್ಯೆ ಬೋರ್‌ವೆಲ್ ಕೊರೆದ ಹಾಗೆ. ಕಿವಿಗೆ ಹತ್ತಿ ಥರದ್ದು ಕೊಡುತ್ತಾರೆ. ಇಪ್ಪತ್ತು ನಿಮಿಷ. ಟೆಕ್ನಿಷಿಯನ್ ಹುಡುಗಿ ಮಾತ್ರ ಬಂಗಾರದಂಥವಳು, "ಇನ್ನೈದೇ ನಿಮಿಷ ಅಕ್ಕ, ಕಣ್ಣು ಮುಚ್ಕೊಂಡಿರಿ" ಅಂತ ಮೈಕಿನಲ್ಲಿ ಹೇಳುತ್ತಲೇ ಇದ್ದಳು. ಅವಳಿಗೆ ಐದಕ್ಕೆ ಐದು.

ಹೊರಗೆ ಬಂದು ಮತ್ತೆ ಕೂತಾಗ ಗೋಡೆಯ ಪೋಸ್ಟರ್ ಕಣ್ಣಿಗೆ ಬಿತ್ತು. ಎರಡು ಮೆದುಳು, ಒಂದು ಗುಲಾಬಿ ಅಂಚಿನದು, ಒಂದು ನೀಲಿ ಅಂಚಿನದು. ಗುಲಾಬಿಯದರಲ್ಲಿ ದಸರಾ ದೀಪ ಹಚ್ಚಿದ ಹಾಗೆ ಕೆಂಪು, ಹಳದಿ ಚುಕ್ಕೆ ತುಂಬ. ನೀಲಿಯದರಲ್ಲಿ ಅಲ್ಲೊಂದು ಇಲ್ಲೊಂದು. ಕೆಳಗೆ "ಹೆಣ್ಣಿಗೆ ನೋವು ಹೆಚ್ಚು. ಸಾಕ್ಷಿ ಇಲ್ಲಿದೆ" ಅಂತ ಬರೆದಿತ್ತು. ಎದುರಿಗಿದ್ದ ಗಂಡಸೊಬ್ಬರು ಅದನ್ನು ಓದಿ "ಅದಕ್ಕೇ ಇವರು ಇಷ್ಟು ಕೂಗಾಡೋದು" ಅಂದರು. ಅವರ ಹೆಂಡತಿ ಬೆಲ್ಟ್ ಕಟ್ಟಿದ ಸೊಂಟ ಹಿಡಿದುಕೊಂಡು ಅವರನ್ನು ನೋಡಿದ ನೋಟವಿತ್ತಲ್ಲ, ಅದನ್ನು ಸ್ಕ್ಯಾನ್ ಮಾಡಬೇಕಿತ್ತು.

ಅಂತೂ ಡಾಕ್ಟರ್. ಐವತ್ತರ ಆಸುಪಾಸಿನ ಹೆಂಗಸು, ಒಳಗೆ ಕಿಟಕಿ ಪರದೆ ಇಳಿಸಿ ಮಂದ ಬೆಳಕು ಇಟ್ಟಿದ್ದರು (ಹೊರಗಿನ ಹಾಲ್ ಅವರ ಕೈಲಿಲ್ಲ ಅಂತ ಆಗಲೇ ಗೊತ್ತಾಯಿತು). ಸ್ಕ್ಯಾನ್ ಕವರ್ ಪಕ್ಕಕ್ಕಿಟ್ಟು ಮೊದಲು ಕೇಳಿದ್ದೇ ಕಳೆದ ಮೂರು ತಿಂಗಳಲ್ಲಿ ತಲೆನೋವು ಬಂದ ತಾರೀಕು. ನಾನು ಫೋನಿನಲ್ಲಿ ರಜೆ ಹಾಕಿದ ದಿನ ಹುಡುಕಿ ಹೇಳಿದೆ. ಆಮೇಲೆ ಮುಟ್ಟಿನ ತಾರೀಕು ಕೇಳಿದರು. ಎರಡನ್ನೂ ಒಂದು ಕಾಗದದಲ್ಲಿ ಅಕ್ಕಪಕ್ಕ ಬರೆದು ನನ್ನ ಕಡೆ ತಿರುಗಿಸಿದರು. ಮೂರು ತಿಂಗಳೂ, ಮುಟ್ಟಿಗೆ ಒಂದೆರಡು ದಿನ ಮುಂಚೆ ಶುರು, ಎರಡನೇ ದಿನಕ್ಕೆ ಮುಗಿತಾಯ. ಮೂರು ವರ್ಷದ ಒದ್ದಾಟ ಎರಡು ಸಾಲಿನಲ್ಲಿ ಕೂತಿತ್ತು. ನನಗೆ ನಗುವೂ ಬಂತು, ಅಳುವೂ ಬಂತು.

ಮುಟ್ಟಿಗೆ ಎರಡು ದಿನ ಮುಂಚೆಯಿಂದ ಮೂರನೇ ದಿನದವರೆಗೆ, ಮೂರು ಮುಟ್ಟಿನಲ್ಲಿ ಎರಡು ಸಲವಾದರೂ ಬಂದರೆ ಅದಕ್ಕೆ ಮುಟ್ಟಿನ ಮೈಗ್ರೇನ್ ಅನ್ನುತ್ತಾರಂತೆ. ಆ ದಿನಗಳಲ್ಲಿ ಈಸ್ಟ್ರೋಜನ್ ಹಾರ್ಮೋನು ಸರ್ರನೆ ಇಳಿಯುತ್ತದೆ. ಜಾಸ್ತಿ ಇರುವುದಲ್ಲ, ಕಡಿಮೆ ಇರುವುದೂ ಅಲ್ಲ, ಇಳಿಯುವುದೇ ಕಿತಾಪತಿ. 1970ರ ದಶಕದ ಮೊದಲಲ್ಲೇ ಆಸ್ಟ್ರೇಲಿಯಾದ ಸೋಮರ್‌ವಿಲ್ ಎಂಬ ಡಾಕ್ಟರ್ ಇದನ್ನು ಪರೀಕ್ಷೆ ಮಾಡಿದ್ದರು, ಕೆಲವೇ ಹೆಂಗಸರ ಮೇಲೆ. ಮುಟ್ಟಿಗೆ ಮುಂಚೆ ಈಸ್ಟ್ರೋಜನ್ ಕೊಟ್ಟರೆ ಮುಟ್ಟು ಹೊತ್ತಿಗೆ ಸರಿಯಾಗಿ ಬಂತು, ತಲೆನೋವು ಮುಂದಕ್ಕೆ ಹೋಯಿತು. ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹೆಣ್ಣು ಹಾರ್ಮೋನು ಕೊಟ್ಟರೆ ಉಲ್ಟಾ, ಮುಟ್ಟು ಮುಂದಕ್ಕೆ ಹೋಯಿತು, ತಲೆನೋವು ಮಾತ್ರ ತನ್ನ ಟೈಮಿಗೆ ಹಾಜರ್. ಎಷ್ಟು ಚೆಂದದ ಪರೀಕ್ಷೆ ಅಲ್ವಾ? ಯಾವ ಮೆಷಿನ್ನೂ ಇಲ್ಲದೆ ಎರಡನ್ನೂ ಬಿಡಿಸಿ ತೋರಿಸಿತು.

ಮೈನೆರೆಯುವ ಮುಂಚೆ ಹುಡುಗರಿಗೂ ಹುಡುಗಿಯರಿಗೂ ಮೈಗ್ರೇನ್ ಹೆಚ್ಚುಕಡಿಮೆ ಸಮ. ಮೈನೆರೆದ ಮೇಲೆ ಹೆಂಗಸರಲ್ಲಿ ಎರಡು ಮೂರು ಪಟ್ಟು. ಬಸುರಿಯಾಗಿದ್ದಾಗ ಹೇಗಿತ್ತು ಅಂತ ಡಾಕ್ಟರ್ ಕೇಳಿದಾಗ ನೆನಪಾಯಿತು, ಚಿಕ್ಕವನು ಹೊಟ್ಟೆಯಲ್ಲಿದ್ದಾಗ ನಾಲ್ಕನೇ ತಿಂಗಳಿಂದ ಒಂದು ದಿನವೂ ತಲೆ ಹಿಡಿದುಕೊಂಡವಳಲ್ಲ ನಾನು. ಈ ಮೂರು ವರ್ಷದ್ದಲ್ಲ, ಅದಕ್ಕೂ ಮುಂಚೆ ಆಗೊಮ್ಮೆ ಈಗೊಮ್ಮೆ ಬರುತ್ತಿದ್ದದ್ದೂ ನಿಂತಿತ್ತು. ಅವನು ಹುಟ್ಟಿದ ವಾರಕ್ಕೆ ಮತ್ತೆ ಬಂತು. ಬಾಣಂತನದ ಶೀತ ಅಂತ ತಲೆಗೆ ಬಟ್ಟೆ ಬಿಗಿದು ಕೂರಿಸಿದ್ದರು. ಬಸುರಿಯಲ್ಲಿ ಈಸ್ಟ್ರೋಜನ್ ಏರಿ ಅಲ್ಲೇ ನಿಂತಿರುತ್ತದೆ, ಹೆರಿಗೆಯಾದ ಕೂಡಲೇ ದೊಪ್ಪನೆ ಬೀಳುತ್ತದೆ. ಲೆಕ್ಕ ಸರಿಹೋಯಿತು.

ಪೋಸ್ಟರ್ ಬಗ್ಗೆ ಕೇಳಿದೆ. ಅವರು ಹಣೆ ಚಚ್ಚಿಕೊಂಡು "ಅದನ್ನು ತೆಗೀರಿ ಅಂತ ಒಂದು ವರ್ಷದಿಂದ ಹೇಳ್ತಿದ್ದೀನಿ" ಅಂದರು. ಆಮೇಲೆ ಹತ್ತು ನಿಮಿಷ ಕೂತು ವಿವರಿಸಿದರು, ಉಳಿದದ್ದನ್ನು ನಾನೇ ಮನೆಗೆ ಬಂದು ರಾತ್ರಿ ಹುಡುಕಿ ಓದಿದೆ.

ನೋವಾದಾಗ ಮೆದುಳು ತಾನೇ ಒಂದು ಥರದ ಅಫೀಮು ತಯಾರಿಸಿ ಬಿಡುತ್ತದೆ. ಅದೆಷ್ಟು ಬಿಡುತ್ತದೆ ಅಂತ ಪೆಟ್ ಸ್ಕ್ಯಾನಿನಲ್ಲಿ (ರಕ್ತಕ್ಕೆ ಚೂರು ವಿಕಿರಣದ ವಸ್ತು ಸೇರಿಸಿ ತೆಗೆಯುವ ಸ್ಕ್ಯಾನ್) ನೋಡಬಹುದು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು ದವಡೆಯ ಸ್ನಾಯುವಿಗೆ ಉಪ್ಪುನೀರು ನಿಧಾನವಾಗಿ ಚುಚ್ಚಿ ನೋವು ಬರಿಸಿ ಇದನ್ನು ನೋಡಿದರು. 2002ರಲ್ಲಿ ಬಂದ ಫಲಿತಾಂಶ: ಅಷ್ಟೇ ನೋವಿಗೆ ಗಂಡಸರ ಮೆದುಳು ಹಲವು ಕಡೆ ಹೆಚ್ಚು ಅಫೀಮು ಬಿಟ್ಟಿತು, ಹೆಂಗಸರದು ಕಡಿಮೆ. ಇಷ್ಟೇ ಓದಿದರೆ ಪೋಸ್ಟರ್ ಸರಿ ಅನ್ನಿಸುತ್ತದೆ. ಆದರೆ ಆ ಹೆಂಗಸರನ್ನು ಸ್ಕ್ಯಾನ್ ಮಾಡಿದ್ದು ತಿಂಗಳಲ್ಲಿ ಈಸ್ಟ್ರೋಜನ್ ಕಡಿಮೆ ಇರುವ ದಿನಗಳಲ್ಲಿ. 2006ರಲ್ಲಿ ಅದೇ ಗುಂಪಿನ ಸಂಶೋಧಕರು ಹೆಂಗಸರಿಗೆ ಈಸ್ಟ್ರೋಜನ್ ಪಟ್ಟಿ ಅಂಟಿಸಿ ಮಟ್ಟ ಏರಿಸಿ ಮತ್ತೆ ನೋಡಿದರು. ಆಗ ಅದೇ ಹೆಂಗಸರ ಮೆದುಳು ಹೆಚ್ಚು ಅಫೀಮು ಬಿಟ್ಟಿತು, ನೋವೂ ಕಡಿಮೆ ಅನ್ನಿಸಿತು. ಅಂದರೆ ಗುಲಾಬಿ ಮೆದುಳು ಅಂತ ಒಂದಿಲ್ಲ. 3ನೇ ತಾರೀಕಿನ ಮೆದುಳು ಬೇರೆ, 13ನೇ ತಾರೀಕಿನದು ಬೇರೆ. ಪೋಸ್ಟರಿನಲ್ಲಿ ತಾರೀಕೇ ಇಲ್ಲ. ನಾನು ಬ್ಯಾಂಕಿನವಳು, ತಾರೀಕಿಲ್ಲದ ಚೆಕ್ ಕೊಟ್ಟರೆ ವಾಪಸ್ ಕಳಿಸುತ್ತೇನೆ.

ಗಂಡಸರ ಹಾರ್ಮೋನು ಅನ್ನುವ ಟೆಸ್ಟೋಸ್ಟೆರಾನ್ ಹೆಂಗಸರಲ್ಲೂ ಸ್ವಲ್ಪ ಇರುತ್ತದೆ, ಅದಕ್ಕೂ ಇದರಲ್ಲಿ ಪಾಲಿದೆ. ಆಕ್ಸ್‌ಫರ್ಡಿನವರು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವ ಹೆಂಗಸರ ಚರ್ಮಕ್ಕೆ ಬಿಸಿ ತಾಗಿಸಿ ಸ್ಕ್ಯಾನ್ ಮಾಡಿದ್ದರು, 2013ರಲ್ಲಿ ಪ್ರಕಟವಾಯಿತು. ಟೆಸ್ಟೋಸ್ಟೆರಾನ್ ತೀರಾ ಕಡಿಮೆ ಇದ್ದವರಿಗೆ ಕಡಿಮೆ ಬಿಸಿಗೇ ಅಷ್ಟು ನೋವು. ಅವರ ಮೆದುಳಿನ ಬುಡದಲ್ಲಿ ನೋವನ್ನು ತಡೆಯುವ ಒಂದು ಜಾಗ ಸರಿಯಾಗಿ ಎದ್ದೇಳಲಿಲ್ಲ. ಇದನ್ನು ನಾನು ಹೀಗೆ ಅರ್ಥ ಮಾಡಿಕೊಂಡೆ: ನಮ್ಮ ವಿಶ್ವೇಶ್ವರಯ್ಯ ನಾಲೆಗೆ ನೀರುಗಂಟಿ ಇರುತ್ತಾನಲ್ಲ, ತೂಬು ಎಷ್ಟು ಎತ್ತಬೇಕು ಎಷ್ಟು ಇಳಿಸಬೇಕು ಅಂತ ನೋಡಿಕೊಳ್ಳುವವನು. ನೋವಿಗೂ ಮೆದುಳಿನ ಬುಡದಲ್ಲಿ ಒಬ್ಬ ನೀರುಗಂಟಿ ಇದ್ದಾನೆ. ಹಾರ್ಮೋನು ಏರಿಳಿದ ಹಾಗೆ ಅವನ ಕೈ ಬಿಗಿಯಾಗುತ್ತದೆ, ಸಡಿಲವಾಗುತ್ತದೆ. ನೀರು ಅಷ್ಟೇ, ಗದ್ದೆಗೆ ಬರುವುದು ಮಾತ್ರ ಬೇರೆ ಬೇರೆ. ಇದನ್ನು ನಮ್ಮತ್ತೆಗೆ ಹೇಳಿದೆ. "ಹಂಗಾರೆ ನಿನ್ ನೀರ್ಗಂಟಿ ಕುಡ್ದು ಮನಗ್ತಾನೆ ಅನ್ನು" ಅಂದರು. ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು.

ಈ ತಾರೀಕಿನ ವಿಷಯ ಎಷ್ಟು ದೂರ ಹೋಗಿದೆ ಅಂದರೆ, ಕ್ಯಾಲಿಫೋರ್ನಿಯಾದಲ್ಲಿ ಲಾರಾ ಪ್ರಿಚೆಟ್ ಎಂಬ ಸಂಶೋಧಕಿ ಸತತ 30 ದಿನ ತಾನೇ ಸ್ಕ್ಯಾನರಿನೊಳಗೆ ಮಲಗಿ, ದಿನಾ ರಕ್ತ ಕೊಟ್ಟು, ಒಂದು ಪೂರ್ತಿ ತಿಂಗಳ ಮೆದುಳನ್ನು ಚಿತ್ರ ತೆಗೆಸಿಕೊಂಡಿದ್ದಾಳೆ. 2020ರಲ್ಲಿ ಬಂತು. ಅದು ನೋವಿನ ಮೇಲಿನ ಅಧ್ಯಯನವಲ್ಲ, ಆದರೆ ಈಸ್ಟ್ರೋಜನ್ ಏರಿಳಿದ ಹಾಗೆ ಮೆದುಳಿನ ಭಾಗಗಳ ನಡುವಿನ ಮಾತುಕತೆ ಬದಲಾಗುವುದು ಕಂಡಿತು. ನಾನು ಒಂದು ಸಲಕ್ಕೇ ಕಾಲುಂಗುರ ತೆಗೆಯಲು ಒದ್ದಾಡಿದೆ, ಅವಳು ಮೂವತ್ತು ಸಲ! ಇಷ್ಟು ದಿನ ಯಾಕೆ ಯಾರೂ ನೋಡಲಿಲ್ಲ ಅಂದರೆ, ಪ್ರಯೋಗದ ಇಲಿಗಳಲ್ಲೂ ಗಂಡಿಗೇ ಮಣೆ. ನೋವಿಗೇ ಮೀಸಲಾದ ಒಂದು ದೊಡ್ಡ ಪತ್ರಿಕೆಯಲ್ಲಿ ಹತ್ತು ವರ್ಷ ಬಂದ ಪ್ರಾಣಿ ಪ್ರಯೋಗಗಳನ್ನು 2005ರಲ್ಲಿ ಎಣಿಸಿ ನೋಡಿದಾಗ, 79 ಶೇಕಡಾ ಪ್ರಯೋಗಗಳು ಗಂಡಿನ ಮೇಲೆ ಮಾತ್ರ. ಹೆಣ್ಣಿಲಿಯ ಚಕ್ರ ಲೆಕ್ಕಕ್ಕೆ ಅಡ್ಡ ಬರುತ್ತದೆ ಅಂತ ಬಿಟ್ಟಿದ್ದರು. ನಾಲ್ಕೈದು ದಿನದ ಚಕ್ರ ಅದು ಪಾಪ.

ಈಗ ನನ್ನ ಸ್ಕ್ಯಾನ್. ರಿಪೋರ್ಟಿನಲ್ಲಿ ಇದ್ದದ್ದು "ಗಮನಾರ್ಹ ದೋಷ ಕಾಣುವುದಿಲ್ಲ" ಅಷ್ಟೇ. ಡಾಕ್ಟರ್ ಸುಮ್ಮನೆ ನೋಡಿ ಮಡಚಿಟ್ಟರು. ನರಗಳ ಪರೀಕ್ಷೆ ಸರಿಯಾಗಿದ್ದು, ತಲೆನೋವಿನ ರೀತಿ ಹಳೆಯದೇ ಆಗಿದ್ದರೆ ಇದು ಬೇಕಿರಲಿಲ್ಲ ಅಂದರು. ಏಕಾಏಕಿ ಸಿಡಿಲು ಬಡಿದಂತೆ ಬಂದ ನೋವು, ಕೈಕಾಲು ಸೋಲುವುದು, ಜ್ವರದ ಜೊತೆ ಕುತ್ತಿಗೆ ಬಿಗಿಯುವುದು, ಇಂಥದ್ದಿದ್ದರೆ ತಡ ಮಾಡದೆ ಮಾಡಿಸಲೇಬೇಕು. ಹಾರ್ಮೋನ್ ಟೆಸ್ಟಂತೂ ದಂಡ. ದಿನಾ ಏರಿಳಿಯುವುದನ್ನು ಒಂದು ದಿನ ಅಳೆದು ಏನು ಪ್ರಯೋಜನ? ಮುಟ್ಟಿನ ಮೈಗ್ರೇನ್ ಇರುವವರಲ್ಲಿ ಮಟ್ಟ ಸಾಮಾನ್ಯವಾಗಿ ನಾರ್ಮಲ್ಲೇ ಬರುತ್ತದೆ. ಇದನ್ನೆಲ್ಲ ಹೇಳಬೇಕಾದವರು ಹೇಳುವ ಮುಂಚೆಯೇ ಕೌಂಟರಿನವರು ದುಡ್ಡು ತೆಗೆದುಕೊಂಡಾಗಿತ್ತು.

ಮನೆಯಲ್ಲಿ ಆ ರಿಪೋರ್ಟ್ ಇನ್ನೊಂದು ರಗಳೆ ಮಾಡಿತು. ನಮ್ಮ ಯಜಮಾನರು "ಏನೂ ಇಲ್ಲ ಅಂತ ಬಂತಲ್ಲ, ಇನ್ನೇನು ಚಿಂತೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ ಏನೂ ಇಲ್ಲ ಅಂದರೆ ಗಡ್ಡೆ ಇಲ್ಲ, ರಕ್ತಸ್ರಾವ ಇಲ್ಲ ಅಂತ. ನೋವಿಲ್ಲ ಅಂತ ಅಲ್ಲ. ಆಸ್ಪತ್ರೆಯ ಎಂಆರ್‌ಐ ಮನೆಯ ಗೋಡೆ ಬಿರುಕು ಬಿಟ್ಟಿದೆಯಾ ಅಂತ ನೋಡುತ್ತದೆ, ಒಳಗಿನವರು ಜಗಳವಾಡುತ್ತಿದ್ದಾರಾ ಅಂತ ಅದಕ್ಕೆ ಕಾಣುವುದಿಲ್ಲ. ಸಂಶೋಧನೆಯಲ್ಲಿ ಬಳಸುವುದು ಬೇರೆ ರೀತಿ, ಕೆಲಸ ಮಾಡುವ ಜಾಗಕ್ಕೆ ಹರಿಯುವ ರಕ್ತದ ಆಮ್ಲಜನಕದ ವ್ಯತ್ಯಾಸ ಹಿಡಿಯುವುದು, ಅದನ್ನೂ ಎಷ್ಟೋ ಜನರದು ಒಟ್ಟು ಮಾಡಿ ಸರಾಸರಿ ತೆಗೆದ ಮೇಲೆ ಕಂಪ್ಯೂಟರಿನಲ್ಲಿ ಕೆಂಪು ಬಣ್ಣ ಬಳಿಯುವುದು. ಮೆದುಳೇನು ಕೆಂಪಾಗುವುದಿಲ್ಲ. ತೈವಾನಿನಲ್ಲಿ 2010ರಲ್ಲಿ ಮುಟ್ಟಿನ ನೋವು ಜೋರಾಗಿರುವವರ ಮೆದುಳಿನ ಬೂದು ಭಾಗದಲ್ಲಿ ನೋವಿಲ್ಲದ ದಿನವೂ ವ್ಯತ್ಯಾಸ ಕಂಡಿತ್ತು, ಆದರೆ ಅದೂ ಗುಂಪಿನ ಲೆಕ್ಕ, ಒಬ್ಬಳ ಫಿಲ್ಮ್ ಹಿಡಿದು ನೋಡಿದರೆ ಕಾಣುವಂಥದ್ದಲ್ಲ. ಒಬ್ಬ ವ್ಯಕ್ತಿಗೆ ನೋವಿದೆ ಅಥವಾ ಇಲ್ಲ ಅಂತ ಸಾಬೀತು ಮಾಡಲು ಮೆದುಳಿನ ಚಿತ್ರ ಬಳಸಬೇಡಿ ಎಂದು ನೋವಿನ ಅಂತರರಾಷ್ಟ್ರೀಯ ಸಂಘದ ತಜ್ಞರೇ 2017ರಲ್ಲಿ ಹೇಳಿದ್ದಾರೆ. ಆ ಪೋಸ್ಟರ್ ಅಂಟಿಸಿದವರಿಗೆ ಯಾರಾದರೂ ಇದನ್ನು ಓದಿ ಹೇಳಿ.

ಔಷಧಿ ವಿಷಯ ಚಿಕ್ಕದಾಗಿ ಹೇಳುತ್ತೇನೆ, ನೋಡಿ ನಕಲು ಮಾಡಬೇಡಿ. ಮುಟ್ಟಿನ ಡೇಟಿಗೆ ಎರಡು ದಿನ ಮುಂಚೆಯಿಂದ ಐದಾರು ದಿನ ನಾಪ್ರೊಕ್ಸೆನ್ ಅನ್ನುವ ನೋವಿನ ಮಾತ್ರೆ, ಊಟ ಆದ ಮೇಲೆ. ತಲೆನೋವು ಬಂದೇ ಬಿಟ್ಟರೆ ಮೈಗ್ರೇನಿಗೆ ಕೊಡುವ ಟ್ರಿಪ್ಟಾನ್ ಜಾತಿಯ ಮಾತ್ರೆ. ತಿಂಗಳಲ್ಲಿ ಹತ್ತು ದಿನ ಅಥವಾ ಅದಕ್ಕಿಂತ ಹೆಚ್ಚು ಟ್ರಿಪ್ಟಾನ್, ಹದಿನೈದು ದಿನ ಅಥವಾ ಅದಕ್ಕಿಂತ ಹೆಚ್ಚು ಸಾಧಾರಣ ನೋವಿನ ಮಾತ್ರೆ ನುಂಗುತ್ತಾ ಹೋದರೆ ಮಾತ್ರೆಯೇ ತಲೆನೋವು ತರುತ್ತದಂತೆ. ನಾನು ಅಂಗಡಿಯಿಂದ ತಂದು ನುಂಗಿದ್ದನ್ನು ಎಣಿಸಿ ನಾಚಿಕೆಯಾಯಿತು. ಇನ್ನೊಂದು ಮುಖ್ಯ ಮಾತು: ತಲೆನೋವಿಗೆ ಮುಂಚೆ ಕಣ್ಣಿನ ಮುಂದೆ ಮಿಂಚಿನಂಥ ಅಂಕುಡೊಂಕು ಗೆರೆ ಬರುವವರಿಗೆ ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಆಗುವುದಿಲ್ಲ, ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ನನಗೆ ಗೆರೆ ಬರುವುದಿಲ್ಲ, ನನ್ನ ನಾದಿನಿಗೆ ಬರುತ್ತದೆ, ಆ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದಳು. ಕ್ಲಿನಿಕ್ಕಿನ ಮೆಟ್ಟಿಲ ಮೇಲೇ ನಿಂತು ಅವಳಿಗೆ ಫೋನ್ ಮಾಡಿದೆ. ಕೊಟ್ಟ 7,800 ಅಲ್ಲಿಗೆ ವಸೂಲಾಯಿತು ಅನ್ನಿ.

ಮೂರು ತಿಂಗಳಾಯಿತು. ಮೊದಲ ತಿಂಗಳು ತಲೆನೋವು ಬಂದದ್ದೇ ಗೊತ್ತಾಗಲಿಲ್ಲ. ಎರಡನೇ ತಿಂಗಳು ಡೇಟು ನಾಲ್ಕು ದಿನ ಮುಂಚೆ ಬಂದು ಲೆಕ್ಕ ತಪ್ಪಿತು, ಹಳೆಯ ಒನಕೆಯೇ. ಮೂರನೇ ತಿಂಗಳು ಬಂತು, ಆದರೆ ರಜೆ ಹಾಕಲಿಲ್ಲ, ನೋಟು ಎಣಿಸಿದೆ. ಡೈರಿ ಬರೆಯುತ್ತಿದ್ದೇನೆ, ಬ್ಯಾಂಕಿನವರು ಹೊಸ ವರ್ಷಕ್ಕೆ ಕೊಟ್ಟ ಕ್ಯಾಲೆಂಡರಿನಲ್ಲೇ. ಮುಟ್ಟಿಗೆ ಕೆಂಪು ಪೆನ್ನು, ತಲೆನೋವಿಗೆ ನೀಲಿ.

ಅಂಕ: ಡಾಕ್ಟರಿಗೆ ಐದು. ಟೆಕ್ನಿಷಿಯನ್ ಹುಡುಗಿಗೆ ಐದು. ಕಾಯುವ ಹಾಲಿಗೆ ಒಂದು, ಅದೂ ಕುಡಿಯುವ ನೀರು ತಣ್ಣಗಿತ್ತು ಅಂತ. ಕೌಂಟರಿಗೆ ಒಂದೂವರೆ. ಜಗಳ ಮಾಡಿದ ಮೇಲೆ ದುಡ್ಡು ವಾಪಸ್ ಕೊಡಲಿಲ್ಲ, ಮುಂದಿನ ಎರಡು ಸಲ ಫೀಸ್ ಬೇಡ ಅಂತ ಚೀಟಿಯಲ್ಲಿ ಬರೆದುಕೊಟ್ಟರು, ಅದಕ್ಕೆ ಆ ಅರ್ಧ. ಹೋಗುವವರು "ಬರೀ ಡಾಕ್ಟರ್ ನೋಡಬೇಕು" ಅಂತ ಗಟ್ಟಿಯಾಗಿ ಹೇಳಿ, ಮೂರು ತಿಂಗಳ ತಾರೀಕು ಬರೆದುಕೊಂಡು ಹೋಗಿ, ಹಾಲಿನಲ್ಲಿ ಕೂರಬೇಡಿ. ಹೊರಗೆ ಹೊಂಗೆ ಮರದ ಕೆಳಗೆ ಒಂದು ಕಲ್ಲು ಬೆಂಚಿದೆ, ಕೂಗಿದರೆ ಅಲ್ಲಿಗೂ ಕೇಳುತ್ತದೆ.

ನನಗೆ ಮುಂದಿನ ಅಪಾಯಿಂಟ್‌ಮೆಂಟ್ 18ಕ್ಕೆ ಕೊಟ್ಟಿದ್ದಾರೆ. ಕ್ಯಾಲೆಂಡರ್ ನೋಡಿದರೆ ಡೇಟು 19ಕ್ಕೆ. ಆ ಟ್ಯೂಬ್‌ಲೈಟಿನ ಕೆಳಗೆ 18ರಂದು ನಾನು ಕೂರಲಾರೆ, ಬದಲಾಯಿಸಿ ಅಂತ ಕೇಳಲು ಸೋಮವಾರದಿಂದ ಫೋನ್ ಮಾಡುತ್ತಿದ್ದೇನೆ. ಇನ್ನೂ ಯಾರೂ ಎತ್ತಿಲ್ಲ.